ಜೆಟ್ ಇಳಿಯುವ ಹೊತ್ತು

೨೭ ಮಾರ್ಚ್ ೧೯೪೫, ಬ್ರಿಟಿಷ್ ವಾಯುನೆಲೆ, ಹಾಲೆಂಡ್

ಇವತ್ತೂ ಮಂಜು. ನನ್ನ ಜೊತೆ ಹಾರುವ ಎಮ್ಲಿನ್ ತಂತಿಗೆ ಬ್ರೆಡ್ ಸಿಕ್ಕಿಸಿ ಟೆಂಟಿನ ಒಲೆಯಲ್ಲಿ ಸುಡುತ್ತಿದ್ದ. ಅರ್ಧ ಕರಿ, ಅರ್ಧ ಹಸಿ. ಮಧ್ಯಾಹ್ನ ತಿಳಿಯಾಯಿತು, ಇಬ್ಬರೂ ನಮ್ಮ ನಮ್ಮ ಟೆಂಪೆಸ್ಟ್ ಯುದ್ಧವಿಮಾನ ಹತ್ತಿದೆವು.

ರೈನ್ ನದಿಯಾಚೆ ಒಂದು ಜರ್ಮನ್ ಜೆಟ್. ಪ್ರೊಪೆಲರ್ ಇಲ್ಲದ ಬೋಳು ಮೂತಿ. ವೇಗ ಏರಿಸುವ ಥ್ರಾಟಲ್ ಪೂರ್ತಿ ತಳ್ಳಿದೆ. ವಿಮಾನವೆಲ್ಲ ನಡುಗಿದ್ದೇ ಬಂತು... ನಿಂತ ಗಾಡಿಯನ್ನು ದಾಟುವ ಹಾಗೆ ಜೆಟ್ ನನ್ನನ್ನು ದಾಟಿ ಹೋಯಿತು. ರೇಡಿಯೋದಲ್ಲಿ ಎಮ್ಲಿನ್: "ಬಿಡು ಹ್ಯೂ, ಪಾಪ, ಮನೇಲಿ ಏನೋ ಅರ್ಜೆಂಟಿರಬೇಕು."

೨ ಏಪ್ರಿಲ್

ನಮ್ಮ ಸ್ಕ್ವಾಡ್ರನ್ ಲೀಡರ್ ಗ್ಯಾಸ್ಕೆಲ್ ವಿವರಿಸಿದರು. ಹಾರುವಾಗ ಜೆಟ್ ಸಿಗುವುದಿಲ್ಲ. ಆದರೆ ಇಳಿಯಲು ವೇಗ ತಗ್ಗಿಸಲೇಬೇಕು, ತಗ್ಗಿಸಿದ ಮೇಲೆ ತಟ್ಟನೆ ಏರಿಸಲಾಗದು. ಅದು ಇಳಿಯುವ ಮೈದಾನದ ಬಳಿಯೇ ಕಾಯಬೇಕಂತೆ. ಇದು ಜರ್ಮನ್ನರಿಗೂ ಗೊತ್ತು. ಇಳಿಯುವ ದಾರಿಯ ಎರಡೂ ಕಡೆ ಫಿರಂಗಿ ಸಾಲು ನಿಲ್ಲಿಸಿದ್ದಾರೆ.

ಎಮ್ಲಿನ್ ಎಂದ, "ಅಂದ್ರೆ ಸರ್, ಮೊಲ ಬಿಲಕ್ಕೆ ನುಗ್ಗೋವಾಗ ಹಿಡೀಬೇಕು. ಬಿಲದ ಬಾಯಲ್ಲಿ ನಾಯಿಗಳು ಅವರವು."

೫ ಏಪ್ರಿಲ್

ಹೋದೆವು. ಜೆಟ್ ಸಿಕ್ಕಿತು. ಚಕ್ರ ಇಳಿಬಿಟ್ಟು, ನೀರಿಗಿಳಿಯುವ ಬಾತುಕೋಳಿಯ ಹಾಗೆ ನಿಧಾನ. ಎಮ್ಲಿನ್ ಮುಂದೆ, ನಾನು ಹಿಂದೆ. ಎರಡೂ ಕಡೆಯಿಂದ ಗುಂಡು ಶುರುವಾಯಿತು. ಅವನ ವಿಮಾನ ಒಮ್ಮೆ ಮಗುಚಿತು, ಪೈನ್ ಕಾಡಿಗೆ ಬಿತ್ತು. ಪ್ಯಾರಾಚೂಟ್ ಕಾಣಲಿಲ್ಲ.

ಜೆಟ್ ಇನ್ನೂ ನನ್ನೆದುರೇ ಇತ್ತು. ಹೊಡೆದೆ. ರನ್‌ವೇ ಮುಟ್ಟುವ ಮೊದಲೇ ಉರಿದು ಬಿತ್ತು.

ಗ್ಯಾಸ್ಕೆಲ್ ಬೆನ್ನು ತಟ್ಟಿದರು. ಮನೆಗೆ ಕಳಿಸಲು ಎಮ್ಲಿನ್‌ನ ಸಾಮಾನು ಕಟ್ಟಿದೆ. ಹೆಚ್ಚೇನಿರಲಿಲ್ಲ.

೨೪ ಮೇ, ಉತ್ತರ ಜರ್ಮನಿ

ಯುದ್ಧ ಮುಗಿದಿದೆ. ಬಹಳ ದಿನ ಬರೆಯಲಿಲ್ಲ.

ಇಲ್ಲಿ ವಶವಾದ ಜೆಟ್‌ಗಳು ಸಾಲಾಗಿ ನಿಂತಿವೆ. ಯಾರಾದರೂ ಹಾರಿಸಲು ಕಲಿಯಬೇಕು ಎಂದರು ಗ್ಯಾಸ್ಕೆಲ್. ಕೈ ಎತ್ತಿದೆ. ಎಮ್ಲಿನ್ ಯಾವುದರ ಹಿಂದೆ ಹೋಗಿ ಸತ್ತನೋ ಅದನ್ನೊಮ್ಮೆ ಹತ್ತಿ ನೋಡಬೇಕಿತ್ತು.

ಕಲಿಸುವವನು ರೌಖ್, ಸೆರೆಸಿಕ್ಕ ಜರ್ಮನ್ ಪೈಲಟ್. ತೆಳ್ಳಗಿದ್ದಾನೆ, ಇಂಗ್ಲಿಷ್ ಬರುತ್ತದೆ. ಅವನ ಮಾತು ನಂಬಿ ಹತ್ತಿದರೆ ಹೆಣವಾಗಿ ಇಳಿಯುತ್ತೀಯ ಎಂದು ಮೆಸ್ಸಿನಲ್ಲಿ ಎಲ್ಲರೂ ಹೇಳಿದರು.

೨೬ ಮೇ

ಕಾಕ್‌ಪಿಟ್‌ನಲ್ಲಿ ಕೂತೆ. ರೌಖ್ ರೆಕ್ಕೆ ಮೇಲೆ ನಿಂತು ಬಗ್ಗಿದ. ನನ್ನ ಕೈ ಮೇಲೆ ಕೈಯಿಟ್ಟು ಥ್ರಾಟಲ್ ಎಷ್ಟು ಮೆಲ್ಲಗೆ ತಳ್ಳಬೇಕೆಂದು ತೋರಿಸಿದ. ಅವಸರ ಮಾಡಿದರೆ ಎಂಜಿನ್‌ಗೆ ಬೆಂಕಿ.

"ಇಳಿಯೋಕೆ ಶುರು ಮಾಡಿದ್ರೆ ಇಳೀಲೇಬೇಕು ಸರ್. ಆಮೇಲೆ ಮನಸ್ಸು ಬದಲಾಯಿಸೋಕಾಗಲ್ಲ." ಹಾಗೇ ಕೇಳಿದ, "ಮುಂಚೆ ಯಾವ ವಿಮಾನ ನಿಮ್ದು?"

"ಟೆಂಪೆಸ್ಟ್."

"ನಮ್ಮ ಮೈದಾನದ ಹತ್ರ ಕಾಯ್ತಿದ್ರಲ್ಲ... ನೀವೇನಾ?"

ಹೌದು ಎಂದೆ.

"ನನ್ನ ಜೊತೆಗಾರ ಹೋದ. ವಾಲ್ಟರ್ ಅಂತ. ಇಳೀತಾ ಇದ್ದ."

"ನನ್ನವನು ಎಮ್ಲಿನ್."

ಯಾವ ದಿನ ಎಂದು ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ. ನನ್ನ ಕೈ ಮೇಲಿಂದ ಅವನ ಕೈ ಮಾತ್ರ ತೆಗೆದಿರಲಿಲ್ಲ. ಆಮೇಲೆ ಎಂಜಿನ್ ಶುರು ಮಾಡುವುದನ್ನು ಮತ್ತೆ ಮೊದಲಿನಿಂದ, ಒಂದನ್ನೂ ಬಿಡದೆ ಹೇಳಿಕೊಟ್ಟ.

೨೮ ಮೇ, ಬೆಳಿಗ್ಗೆ

ಹಾರಿದೆ. ಟೆಂಪೆಸ್ಟಿನ ನಡುಕವೇ ಇಲ್ಲ. ಮುಂದೆ ತಿರುಗುವುದೇನೂ ಇಲ್ಲ, ಬರೀ ಆಕಾಶ. ನಗು ಬಂತು.

ಇಳಿಯುವಾಗ ಬೇರೆ. ವೇಗ ಹೋಯಿತು, ಚಕ್ರ ಇಳಿಯಿತು, ಇನ್ನು ಏನೂ ಮಾಡುವಂತಿಲ್ಲ. ಹಿಂತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮತ್ತೆ ನೋಡಿದೆ. ನೆಲ ಮುಟ್ಟುವ ತನಕ ಕುತ್ತಿಗೆ ನೇರ ನಿಲ್ಲಲಿಲ್ಲ.

೨೮ ಮೇ, ಸಂಜೆ

ರೌಖ್‌ನನ್ನು ಬೇರೆ ಕ್ಯಾಂಪಿಗೆ ಒಯ್ದರು. ಲಾರಿ ಹೊರಡುವಾಗ ಓಡಿ ಹೋಗಿ ವಾಲ್ಟರನ ಪೂರ್ತಿ ಹೆಸರು ಕೇಳಿದೆ. ಸದ್ದಿನಲ್ಲಿ ಕೇಳಿಸಲಿಲ್ಲ. ಅವನು ಬಗ್ಗಿ ಇನ್ನೊಮ್ಮೆ, ಬಿಡಿಸಿ ಹೇಳಿದ. ಮರೆಯಬಾರದು, ಇಲ್ಲೇ ಬರೆದಿಡುತ್ತೇನೆ.

ಎಮ್ಲಿನ್ ಪ್ರಾಸರ್, ವೇಲ್ಸ್.

ವಾಲ್ಟರ್ — ಐದನೇ ತಾರೀಖು ನನ್ನೆದುರು ಇಳಿಯುತ್ತಿದ್ದವನು ಇವನೇನೋ; ಪೆನ್ನು ಇಲ್ಲೇ ನಿಂತಿದೆ.