ಗೋಡೆಯ ಮೇಲಿನ ಎಂಟನೆಯ ಸಾಲು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ಅತ್ತಿಗೆ ಹೇಳಿದರು. ನಿನ್ನನ್ನೇ ಕೇಳಿದರೆ ಮಂಡಿನೋವಿನಿಂದ ಶುರುಮಾಡಿ ಅಣ್ಣನ ಗೊರಕೆಯವರೆಗೂ ದೂರು ಹೇಳುತ್ತೀಯ, ಆದ್ದರಿಂದ ಅತ್ತಿಗೆಯ ಮಾತನ್ನೇ ನಂಬಿದ್ದೇನೆ. ಫೋನಿನಲ್ಲಿ ನಿನಗೆ ಏನೂ ಕೇಳಿಸುವುದಿಲ್ಲ, ಕಿವಿಯ ಯಂತ್ರವನ್ನು ನೀನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೂ ಇಲ್ಲ. ಮೊನ್ನೆ ನಾನು ಕೂಗಿಕೊಂಡ ರಭಸಕ್ಕೆ ಕೆಳಗಿನ ಮನೆಯವರು ಓಡಿ ಬಂದು ಯಾರಿಗೇನಾಯಿತು ಎಂದು ಕೇಳಿದರು. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು. ನಡುವೆ ಬೈಯಬೇಡ, ಕೊನೆಯಲ್ಲಿ ನಿನ್ನಿಂದ ಒಂದು ಅಪ್ಪಣೆ ಬೇಕಾಗಿದೆ.

ಹೋದ ಸಲದ ನಿನ್ನ ಕಾಗದ ಸಿಕ್ಕಿತು. ಆಹಾ, ಏನು ಆಶೀರ್ವಾದ! ಮಕ್ಕಳ ಕೈಗೆ ದಾಳ ಕೊಟ್ಟು ನೀನು ಕುರ್ಚಿಯಲ್ಲಿ ಕೂತರೆ ಪಾಠ ಯಾರು ಮಾಡುತ್ತಾರೆ, ನಿಮ್ಮಪ್ಪನಾ ಎಂದು ಕೇಳಿದ್ದೀಯ. ಅಪ್ಪ ಇದ್ದಿದ್ದರೆ ಬಂದು ಮೊದಲು ಆಟಕ್ಕೇ ಕೂರುತ್ತಿದ್ದರು, ಅದು ನಿನಗೂ ಗೊತ್ತು. ಇರಲಿ. ನೀನು ಕೇಳಿದ್ದಕ್ಕೆ ಉತ್ತರ ಕೊಡಲು ನನ್ನ ಹತ್ತಿರ ಇಷ್ಟು ದಿನ ಏನೂ ಇರಲಿಲ್ಲ. ಮೊನ್ನೆ ಶುಕ್ರವಾರದಿಂದ ಇದೆ.

ಶಾಲೆಯಲ್ಲಿ ನೀನು ಪಾಠ ಮಾಡುತ್ತಿದ್ದ ಕೋಣೆ ನೀನು ಬಿಟ್ಟು ಹೋದ ಹಾಗೇ ಇದೆ. ಮಹಡಿಯ ಮೇಲೆ, ಓಣಿಯ ತುದಿಯಲ್ಲಿ, ಕೊನೆಯ ಕಿಟಕಿಗೆ ಇನ್ನೂ ಚಿಲಕ ಬೀಳುವುದಿಲ್ಲ. ಹಿಂದಿನ ಗೋಡೆಯ ಮೇಲೆ ನೀನು ಕೆಂಪು ಬಣ್ಣದಲ್ಲಿ ಬರೆದ ನಾಗರಿಕತೆಯ ಏಳು ಲಕ್ಷಣಗಳೂ ಹಾಗೇ ಇವೆ. ನಗರ, ಆಳುವವರು, ನಂಬಿಕೆ, ಕಸುಬುಗಳ ಹಂಚಿಕೆ, ಮೇಲು ಕೀಳು, ಲಿಪಿ, ಕಲೆ ಮತ್ತು ಕಟ್ಟಡ. ಸುಣ್ಣ ಬಳಿಯುವವರು ಬಂದಾಗ ನೀನು ಆ ಗೋಡೆಗೆ ಬೆನ್ನು ಕೊಟ್ಟು ನಿಂತು, "ಮೊದ್ಲು ನನಗೆ ಬಳೀರಿ, ಆಮೇಲೆ ಗೋಡೆಗೆ" ಅಂದಿದ್ದೆಯಂತೆ. ಈಗಿನ ಬಣ್ಣದವರು ಬಂದರೂ ಅದರ ಸುತ್ತ ಬಳಿದು, ಅದನ್ನು ಮುಟ್ಟದೆ ಹೋಗುತ್ತಾರೆ. ನೀನು ಇಲ್ಲಿಲ್ಲ ಎಂದು ಅವರಿಗೆ ಯಾರೂ ಹೇಳಿಲ್ಲವೋ ಏನೋ!

ನಾನೂ ನಿನ್ನ ಹಾಗೆಯೇ ಡಸ್ಟರಿನಿಂದ ಮೇಜು ಕುಟ್ಟುತ್ತ ಆ ಏಳನ್ನೂ ಬಾಯಿಪಾಠ ಮಾಡಿಸುತ್ತಿದ್ದೆ. ಮಕ್ಕಳು ಗಿಣಿಗಳ ಹಾಗೆ ಒಪ್ಪಿಸುತ್ತಿದ್ದರು, ಪೂರ್ತಿ ಅಂಕ ತೆಗೆಯುತ್ತಿದ್ದರು. ಈ ವರ್ಷ ನನ್ನ ದನಿ ಕೇಳಿ ನನಗೇ ಆಕಳಿಕೆ ಬರತೊಡಗಿತ್ತು. ಆ ವಿಷಯ ಈಗ ಬೇಡ.

ನನ್ನ ತರಗತಿಯಲ್ಲಿ ಒಬ್ಬಳಿದ್ದಾಳೆ. ಎಲ್ಲರೂ ಅವಳನ್ನು ಕರೆಯುವುದು ಪ್ರಶ್ನೆಪತ್ರಿಕೆ ಎಂದು. ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಒಂದು ದಿನ ಎದ್ದು ನಿಂತು, "ಮಿಸ್, ಎಲ್ಲಾನೂ ಬಾಯಲ್ಲೇ ಹೇಳ್ಬಹುದಿತ್ತಲ್ಲ, ಬರೆಯೋದು ಯಾಕೆ ಬೇಕಾಯ್ತು ಅವ್ರಿಗೆ?" ಎಂದು ಕೇಳಿದಳು. ನಾನು ಬಾಯಿ ತೆರೆದೆ. ಬಂದ ಮಾತು ಒಂದೇ: "ಪರೀಕ್ಷೆಗೆ ಬರುತ್ತೆ, ಬರ್ಕೋ." ಅವಳು ಪಾಪ ತಲೆ ಬಗ್ಗಿಸಿ ಬರೆದುಕೊಂಡಳು. ಅವಳು ಇನ್ನೊಂದು ಪ್ರಶ್ನೆ ಕೇಳಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಾರನೆಯ ದಿನವೇ ಹೇಳಿದೆ. ನೀವೇ ಒಂದು ಆಟ ಮಾಡಿ. ಹೊಳೆ, ಕಾಳು, ಜನ, ಇಷ್ಟೇ ಇಟ್ಟುಕೊಂಡು ಶುರುಮಾಡಿ. ಗೋಡೆಯ ಮೇಲೆ ಇರುವ ಯಾವುದನ್ನೂ ಸುಮ್ಮನೆ ಆಟದೊಳಕ್ಕೆ ತರುವಂತಿಲ್ಲ. ಅದಿಲ್ಲದೆ ಆಟ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ ಎನ್ನುವಾಗ ಮಾತ್ರ ತರಬೇಕು. ನಾನು ಮಾಡಿದ ಕಟ್ಟಳೆ ಇದೊಂದೇ.

ನಿನ್ನ ಕೊನೆ ಬೆಂಚಿನವಳು, ಅಂದರೆ ಈಗಿನ ನಮ್ಮ ಹೆಡ್ ಮೇಡಂ, ವಿಷಯ ಕೇಳಿ ಮೂಗಿನ ಮೇಲಿನ ಕನ್ನಡಕ ತೆಗೆದಿಟ್ಟರು. ಪಾಲಕರು ಬರುವ ದಿನ ಇನ್ಸ್‌ಪೆಕ್ಟರೂ ಬರುತ್ತಾರೆ, ಇದು ಪಾಠ ಎಂದು ಅವರಿಗೆ ಅನ್ನಿಸಿದರೆ ಸರಿ, "ಇಲ್ಲಾಂದ್ರೆ ಆ ಪೀರಿಯಡ್ ಗಣಿತದವ್ರಿಗೆ, ನೀವು ಮತ್ತೆ ನೋಟ್ಸ್ ಬರೆಸಿ" ಎಂದರು. ಒಪ್ಪಿಕೊಂಡೆ.

ಫ್ರಿಜ್ ಬಂದಿದ್ದ ದೊಡ್ಡ ರಟ್ಟನ್ನು ಮಕ್ಕಳು ಅಂಗಡಿಯಿಂದ ಕೇಳಿ ತಂದರು. ದರ್ಜಿಯ ಹತ್ತಿರ ಮಿಕ್ಕ ನೀಲಿ ಬಟ್ಟೆಯ ಪಟ್ಟಿ ಹೊಳೆಯಾಯಿತು. ದಾಳ ಹಾಕಿದರೆ ಹೊಳೆಗೆ ಎಷ್ಟು ನೀರು ಬಂತೆಂದು ತಿಳಿಯುತ್ತದೆ, ಅದರ ಮೇಲೆ ಯಾರ ಹೊಲಕ್ಕೆ ಎಷ್ಟು ಕಾಳು ಎಂಬ ಲೆಕ್ಕ. ಮೊದಮೊದಲು ಬರೀ ಗಲಾಟೆ. ನಾನು ಕೈಕಟ್ಟಿ ನಿಂತು, ಈ ಹುಚ್ಚು ನನಗೆ ಬೇಕಿತ್ತೇ ಎಂದುಕೊಳ್ಳುತ್ತಿದ್ದೆ.

ಒಂದು ಸೋಮವಾರ ಬೀರು ತೆಗೆದರೆ ಕಾಳಿನ ಚೀಲಕ್ಕೆ ತೂತು! ನಿಜವಾದ ಇಲಿ, ಅಮ್ಮ, ಕಾಲುಭಾಗ ಊರನ್ನೇ ತಿಂದು ಹೋಗಿತ್ತು. ಬೇರೆ ಕಾಳು ತಂದುಕೊಡುತ್ತೇನೆ ಎಂದರೆ ಮಕ್ಕಳು ಒಪ್ಪಲಿಲ್ಲ. ತಿಂದಿದ್ದು ತಿಂದ ಹಾಗೇ, ಈ ಸಲ ಊರಿಗೆ ಹಸಿವು ಎಂದು ತೀರ್ಮಾನವಾಯಿತು. ಆಮೇಲೆ ಯಾರೋ ಬಿಸ್ಕತ್ತಿನ ಡಬ್ಬಿ ತಂದರು. ಊರಿನ ಮೊದಲ ಕಟ್ಟಡ ಅದೇ. ಡಬ್ಬಿ ಕಾಯಲು ಒಬ್ಬರು ಕೂರಬೇಕು, ಕಾಯುತ್ತ ಕೂತವರು ಹೊಲಕ್ಕೆ ಹೋಗುವ ಹಾಗಿಲ್ಲ, ಹಾಗಾದರೆ ಅವರಿಗೆ ಊಟ ಯಾರು ಹಾಕುವುದು? ಎಲ್ಲರೂ ಒಂದೊಂದು ಹಿಡಿ ಕೊಡಬೇಕು ಎಂದು ಕಿತ್ತಾಡಿ ಒಪ್ಪಿಕೊಂಡರು. ಗಂಟೆ ಹೊಡೆಯಿತು, ಹೊರಟರು. ಮುಂದೆ ಹೋಗುತ್ತಿದ್ದವನು ನಿನ್ನ ಗೋಡೆಯ ನಾಲ್ಕನೆಯ ಸಾಲು, ಕಸುಬುಗಳ ಹಂಚಿಕೆ, ನೋಡಿ ಥಟ್ಟನೆ ನಿಂತುಬಿಟ್ಟ. ಹಿಂದಿದ್ದವರೆಲ್ಲ ಅವನಿಗೆ ಡಿಕ್ಕಿ ಹೊಡೆದರು. ಬೈಯಲು ಬಾಯಿ ತೆರೆದವರೂ ಆ ಸಾಲು ಓದತೊಡಗಿದರು.

ಹಾಗೆ ನಿಂತವನನ್ನು ಏಣಿ ಎನ್ನುತ್ತಾರೆ. ಅಷ್ಟು ಉದ್ದ, ಫ್ಯಾನಿನ ರೆಕ್ಕೆ ಒರೆಸುವ ಕೆಲಸ ಯಾವಾಗಲೂ ಅವನದೇ. ಕಾಲುವೆ ತೋಡಲು ಯಾರು ಯಾವಾಗ ಬರಬೇಕೆಂದು ಹೇಳುವವರು ಬೇಕಾಯಿತು, ಅವನನ್ನೇ ಆಳುವವನನ್ನಾಗಿ ಮಾಡಿದರು. ಮೂರು ದಿನ ಚೆನ್ನಾಗಿ ಆಳಿದ. ನಾಲ್ಕನೆಯ ದಿನ ಕಾಲುವೆಯ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡ. ಊಟದ ಬಿಡುವಿನಲ್ಲಿ ದಂಗೆಯೆದ್ದು ಅವನನ್ನು ಇಳಿಸಿದರು. ಇಳಿದವನು ಮುಖ ಊದಿಸಿಕೊಂಡು ಕೂತಿದ್ದ, ಆಮೇಲೆ ತಾನೇ ಬಂದು, ಆಳುವವರನ್ನು ಇಳಿಸುವುದಕ್ಕೂ ಒಂದು ಕ್ರಮ ಬೇಕು ಎಂದ. ಆ ಕ್ರಮವನ್ನು ಅವನೇ ಮಾಡಿದ, ಮತ್ತು ಬಹಳ ಚೆನ್ನಾಗಿ ಮಾಡಿದ.

ಈಗ ಕೇಳು. ಡಬ್ಬಿ ಕಾಯುವ ಸರದಿ ಪ್ರಶ್ನೆಪತ್ರಿಕೆಗೆ ಬಂದಿತ್ತು. ಒಬ್ಬ ತಾನು ತುಂಬ ಕಾಳು ಹಾಕಿದ್ದೇನೆ ಎಂದ, ಇವಳು ಇಲ್ಲ, ಕಡಿಮೆ ಎಂದಳು. ಅವಳನ್ನು ಕಳ್ಳಿ ಎಂದುಬಿಟ್ಟ. ಅವಳ ಕಣ್ಣು ತುಂಬಿಕೊಂಡಿತು. ಜಗಳ ಬಿಡಿಸಬೇಕು ಎಂದು ನಾನು ಎರಡು ಹೆಜ್ಜೆ ಇಟ್ಟವಳು ನಿಂತೆ. ಅವಳು ಮೂಗು ಒರೆಸಿಕೊಂಡು, ಸೀಮೆಸುಣ್ಣ ತೆಗೆದು ಡಬ್ಬಿಯ ಮೇಲೆ ಅವನ ಹೆಸರಿಗೆ ಒಂದು ಚಿತ್ರ ಬರೆದಳು, ದೊಡ್ಡ ಕಿವಿಯದು, ಅವನ ಕಿವಿ ಹಾಗೇ ಇದೆ. ಇನ್ನು ಮುಂದೆ ಒಂದು ಹಿಡಿ ಹಾಕಿದರೆ ಅದರ ಕೆಳಗೆ ಒಂದು ಗೀಟು, "ಹಾಕೋನು ನೋಡ್ತಾ ಇರ್ಬೇಕು, ಆಮೇಲೆ ಬಾಯಿ ಮಾಡೋ ಹಾಗಿಲ್ಲ" ಎಂದಳು. ಮೂರನೆಯ ಗೀಟು ಎಳೆಯುವಾಗ ಅವಳ ಕೈ ಅಲ್ಲೇ ನಿಂತಿತು. ಡಬ್ಬಿಯನ್ನೇ ನೋಡಿದಳು. ತಿರುಗಿ ನನ್ನನ್ನು ನೋಡಿ, ಪಿಸುದನಿಯಲ್ಲಿ ಕೇಳಿದಳು: "ಮಿಸ್, ಇದೇನಾ ಅದು?"

ನನ್ನ ಮೈ ಜುಮ್ಮೆಂದಿತು, ಅಮ್ಮ. ಸಾವಿರಾರು ವರ್ಷಗಳ ಹಿಂದೆ ಯಾವುದೋ ಹೊಳೆಯ ದಂಡೆಯಲ್ಲಿ, ಯಾರೋ ಒಬ್ಬರು ಇಂಥದೇ ಜಗಳದಲ್ಲಿ, ಇಂಥದೇ ಸಿಟ್ಟಿನಲ್ಲಿ ಹಸಿ ಮಣ್ಣಿನ ಮೇಲೆ ಒಂದು ಗೀಟು ಎಳೆದಿರಬೇಕು. ಅವರು ನನ್ನ ತರಗತಿಯಲ್ಲೇ, ಎರಡನೆಯ ಬೆಂಚಿನ ಪಕ್ಕದಲ್ಲಿ, ಸುಣ್ಣದ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ ನಿಂತಿದ್ದರು. ಹೂಂ, ಇದೇ ಅದು, ಎಂದೆ.

ಇನ್ನು ಶುಕ್ರವಾರ. ಬೆಂಚುಗಳ ತುಂಬ ಪಾಲಕರು, ಅವರ ತೊಡೆಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಮಕ್ಕಳ ತಮ್ಮ ತಂಗಿಯರು. ಇನ್ಸ್‌ಪೆಕ್ಟರ್ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಎಲ್ಲವನ್ನೂ ನೋಡಿದರು. ಮಕ್ಕಳು ಚಕಚಕನೆ ಆಡಿ ತೋರಿಸಿದರು. ಹೊಳೆ ತುಂಬಿತು, ಇಲಿ ಬಂತು, ಗೀಟು ಬಿತ್ತು, ಏಣಿಯನ್ನು ಕ್ರಮಬದ್ಧವಾಗಿ ಇಳಿಸಿದರು. ಹೆಡ್ ಮೇಡಂ ಮುಖ ಅರಳಿತ್ತು. ನಾನೂ ನಿರಾಳವಾಗಿ ಉಸಿರು ಬಿಟ್ಟೆ. ಆಗ ಇನ್ಸ್‌ಪೆಕ್ಟರ್ ಬಹಳ ಸಾಧುವಾಗಿ ಕೇಳಿದರು: "ಸರಿ ಮಕ್ಳೇ, ಇದ್ರಲ್ಲಿ ಗೆಲ್ಲೋದು ಹೇಗೆ?"

ಅಯ್ಯೋ ದೇವರೇ! ಅಷ್ಟು ದಿನ ಆಡಿದ್ದೇವೆ, ಕಿತ್ತಾಡಿದ್ದೇವೆ, ಹೊಳೆಗೆ ಕಾಲುವೆ ತೋಡಿದ್ದೇವೆ, ಇಲಿಗೂ ಒಂದು ಕಟ್ಟಳೆ ಮಾಡಿದ್ದೇವೆ. ಗೆಲ್ಲುವುದು ಹೇಗೆಂದು ಒಬ್ಬರೂ ಯೋಚಿಸಿರಲಿಲ್ಲ. ಆಟ ಮಾಡಿಸಿದ ಮಹಾತಾಯಿ ನಾನೂ ಯೋಚಿಸಿರಲಿಲ್ಲ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಗೆಲುವೇ ಇಲ್ಲದಿದ್ದರೆ ಅದು ಆಟ ಹೇಗಾಗುತ್ತದೆ ಎಂದು ಅವರು ಮೆಲ್ಲಗೆ ಹೇಳಿ ಕಿವಿಯ ಪೆನ್ಸಿಲ್ ಕೈಗೆ ತೆಗೆದುಕೊಂಡರು. ಹೆಡ್ ಮೇಡಂ ನೆಲ ನೋಡಿದರು. ಬಾಗಿಲಲ್ಲಿ ನಿಂತಿದ್ದ ಗಣಿತದವರು ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿಕೊಂಡರು.

ಹೆಚ್ಚು ಕಾಳು ಇದ್ದವರು ಗೆದ್ದ ಹಾಗೆ ಎಂದ ಏಣಿ. ಹಾಗೆ ಮಾಡಿದರೆ ಎಲ್ಲರೂ ಕಾಳು ಬಾಚಿಕೊಂಡು ಕಾಲುವೆ ಬಿಟ್ಟುಬಿಡುತ್ತಾರೆ, ಊರೇ ಮುಗಿಯುತ್ತದೆ ಎಂದು ಉಳಿದವರೇ ಅವನನ್ನು ಸುಮ್ಮನಾಗಿಸಿದರು. ಪ್ರಶ್ನೆಪತ್ರಿಕೆ ಮಾತ್ರ ಏನೂ ಹೇಳಲಿಲ್ಲ. ಅವಳು ಮಾತಾಡದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನಿಂತವಳು ಸರಸರನೆ ಪಾಲಕರ ಕಡೆ ಹೋಗಿ, ಅಮ್ಮನ ತೊಡೆಯ ಮೇಲಿದ್ದ ತನ್ನ ತಮ್ಮನನ್ನು ಎತ್ತಿಕೊಂಡು ಬಂದು ತನ್ನ ಜಾಗದಲ್ಲಿ ಕೂರಿಸಿದಳು. ಅವನ ಮಡಿಲಿಗೆ ಡಬ್ಬಿ ಇಟ್ಟಳು. ಉಳಿದವರು ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಜಾಗದಲ್ಲಿ ಒಂದೊಂದು ಚಿಲ್ಟಾರಿಯನ್ನು ಕೂರಿಸಿ, ತಾವು ಹಿಂದೆ ನಿಂತು, ಬಗ್ಗಿ ಹೇಳಿಕೊಡತೊಡಗಿದರು.

ಚಿಲ್ಟಾರಿಗಳು ದಾಳ ಹಾಕಿದವು. ತಪ್ಪು ಮಾಡಿದವು, ಒಂದು ಕಾಳು ಬಾಯಿಗೂ ಹೋಯಿತು, ಹೊರಗೂ ಬಂತು. ಆಮೇಲೆ ಒಬ್ಬ ಹಿಡಿ ಕಾಳು ಡಬ್ಬಿಗೆ ಸುರಿದು ಕೈ ಕೊಡವಿಕೊಂಡ. ಏಣಿ ತಿದ್ದಲು ಬಾಯಿ ತೆರೆಯುವಷ್ಟರಲ್ಲಿ, ಎದುರಿಗೆ ಕೂತಿದ್ದ ಹಲ್ಲುಬಿದ್ದ ಪುಟ್ಟಿಯೊಬ್ಬಳು "ಏಯ್, ಗೀಟು ಹಾಕೋ!" ಎಂದು ಕಿರುಚಿದಳು. ಪ್ರಶ್ನೆಪತ್ರಿಕೆ ಇನ್ಸ್‌ಪೆಕ್ಟರ ಕಡೆ ತಿರುಗಿ ಹೇಳಿದಳು: "ಸರ್, ಈಗ ಗೆದ್ವಿ."

ಇನ್ಸ್‌ಪೆಕ್ಟರ್ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ, ಬೂಟು ಬಿಚ್ಚಿ ನೆಲದ ಮೇಲೆ ಕೂತರು. ಪುಟ್ಟಿ ಅವರಿಗೆ ಡಬ್ಬಿ ಕಾಯುವ ಕೆಲಸ ಕೊಟ್ಟಳು. ಕಾದರು. ಹೊರಡುವಾಗ ಹೆಡ್ ಮೇಡಂಗೆ ಹೇಳಿದ್ದು ಇಷ್ಟೇ: "ಗಣಿತದವ್ರಿಗೆ ಬೇರೆ ಪೀರಿಯಡ್ ಹುಡ್ಕಿ."

ಎಲ್ಲರೂ ಹೋದ ಮೇಲೆ ಮಕ್ಕಳು ಗೋಡೆಯ ಮುಂದೆ ನಿಂತರು. ಗೆದ್ದದ್ದು ಯಾವ ಸಾಲಿನಿಂದ ಎಂದು ಹುಡುಕಿದರು. ನಾನೂ ಹುಡುಕಿದೆ. ಏಳು ಸಾಲಿನಲ್ಲೂ ಅದು ಇಲ್ಲ. ಜೀವಮಾನವೆಲ್ಲ ನೀನು ಅದೇ ಗೋಡೆಯ ಮುಂದೆ ನಿಂತು ಮಾಡಿದ್ದು ಅದೊಂದನ್ನೇ ಅಲ್ಲವೇನಮ್ಮ? ಎಲ್ಲವನ್ನೂ ಬರೆದೆ, ನೀನು ಮಾಡುತ್ತಿದ್ದುದನ್ನು ಮಾತ್ರ ಬರೆಯುವುದನ್ನು ಮರೆತೆಯಲ್ಲ! ನನಗೆ ಅಳು ಬಂತು. ಮಕ್ಕಳ ಎದುರಿಗೇ ಅತ್ತೆ, ಬೈದುಕೋ.

ಅವರು ಎಂಟನೆಯ ಸಾಲು ಬರೆಯುತ್ತೇವೆ ಎನ್ನುತ್ತಿದ್ದಾರೆ. ಮಾತುಗಳೂ ಸಿದ್ಧವಾಗಿವೆ: "ಕಲಿತದ್ದನ್ನು ಚಿಕ್ಕವರಿಗೆ ಕೊಟ್ಟು, ಜಾಗ ಬಿಟ್ಟು, ಹಿಂದೆ ನಿಲ್ಲುವುದು." ನಾನು ಕೊಟ್ಟ ಉತ್ತರ, ಆ ಗೋಡೆ ನನ್ನದಲ್ಲ, ನಮ್ಮಮ್ಮನದು, ಕೇಳಬೇಕು ಎಂದು. ಅದಕ್ಕೇ ಈ ಕಾಗದ. ಅಪ್ಪಣೆ ಕೊಟ್ಟರೆ ಸಾಲದು, ಬಾ. ಆ ಸಾಲೂ ನಿನ್ನ ಅಕ್ಷರದಲ್ಲೇ ಇರಬೇಕೆಂದು ಅವರ ಹಟ, ನನ್ನದೂ. ಕೈ ನಡುಗುತ್ತದೆ ಎಂದು ನೆಪ ಹೇಳಬೇಡ. ನಡುಗಿದ ಅಕ್ಷರವೇ ಆಗಲಿ. ಕಿವಿಯ ಯಂತ್ರ ಮಾತ್ರ ಮರೆಯದೆ ಹಾಕಿಕೊಂಡು ಬಾ, ಪ್ರಶ್ನೆಪತ್ರಿಕೆ ನಿನಗಾಗಿ ಪ್ರಶ್ನೆಗಳನ್ನು ಕೂಡಿಟ್ಟುಕೊಂಡಿದ್ದಾಳೆ.

ಅಣ್ಣನಿಗೂ ಅತ್ತಿಗೆಗೂ ನೆನಪು ಹೇಳು.

ನಿನ್ನ ಬಾಯಿಬಡುಕಿ ಮಗಳು

ಮರೆತಿದ್ದೆ: ಇನ್ನೊಂದು ಮಾತು ನಿನಗೆ ಹೇಳಿರಲಿಲ್ಲ. ಮುಂದಿನ ವರ್ಷ ನಾನು ಬರುವುದಿಲ್ಲ, ಈ ಕೆಲಸ ನನ್ನಿಂದ ಸಾಕು, ಬೇರೆಯವರನ್ನು ನೋಡಿಕೊಳ್ಳಿ ಎಂದು ವರ್ಷದ ಮೊದಲಲ್ಲೇ ಹೆಡ್ ಮೇಡಂಗೆ ಹೇಳಿಬಿಟ್ಟಿದ್ದೆ. ಶುಕ್ರವಾರ ಕೋಣೆಗೆ ಬೀಗ ಹಾಕಿ ನೇರವಾಗಿ ಅವರ ಹತ್ತಿರ ಹೋಗಿ, ಆವತ್ತು ಹೇಳಿದ್ದನ್ನು ದಯವಿಟ್ಟು ಮರೆತುಬಿಡಿ ಎಂದೆ. ನಿನ್ನ ಕೊನೆ ಬೆಂಚಿನವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. "ಏನು ಹೇಳಿದ್ರಿ? ನನಗೇನೂ ನೆನಪಿಲ್ಲಪ್ಪ" ಎಂದರು.