ಬೋರಲು ಬಿದ್ದ ಬ್ರೆಡ್ಡು

ರಾಕ್‌ಲ್ಯಾಂಡ್ ಬಂದರು, ನವೆಂಬರ್ 1909

ಅತ್ತೆಯವರೇ,

ಬಿರುಗಾಳಿಯ ಸುದ್ದಿ ಓದಿ ಗಾಬರಿಯಾಗಬೇಡಿ, ನಾವಿನ್ನೂ ದಡದಲ್ಲೇ ಇದ್ದೇವೆ. ನಿನ್ನೆ ಹೊರಟ ಇನ್ನೊಂದು ಸ್ಟೀಮರನ್ನು ಅಲೆಗಳು ಮೀನುಪೇಟೆಯೊಳಗೆ ತಂದು ನಿಲ್ಲಿಸಿವೆ. ಪ್ರಯಾಣಿಕರೆಲ್ಲ ಏಣಿ ಹಾಕಿಕೊಂಡು ಇಳಿದರು.

ನಿನ್ನೆ ಬೆಳಿಗ್ಗೆ, ಬ್ಯಾರೋಮೀಟರಿನ ಮುಳ್ಳು ಇಳಿಯುತ್ತಿದೆ, ಬಿರುಗಾಳಿ ಬರುತ್ತದೆ ಎಂದು ನಾನು ತೋರಿಸಿದಾಗ ನಿಮ್ಮ ಮಗ, "ಮುಳ್ಳಿಗೆ ಹೆದರೋ ಕ್ಯಾಪ್ಟನ್ನು ಹಡಗು ಬಿಟ್ಟು ಕೋಳಿ ಸಾಕ್ಬೇಕು ಕಣೇ," ಎಂದು ನಕ್ಕರು. ಆಮೇಲೆ ತಿಂಡಿಯ ಮೇಜಿನ ಮೇಲೆ ಬ್ರೆಡ್ಡು ಬೋರಲಾಗಿದ್ದುದನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು. "ಬ್ರೆಡ್ಡು ಮಗುಚಿದ್ರೆ ಹಡಗೂ ಮಗುಚುತ್ತೆ ಅಂತಾಳೆ ಅಮ್ಮ. ಇವತ್ತು ಹೊರಡೋದು ಬೇಡ," ಎಂದು ಪ್ರಯಾಣವನ್ನೇ ರದ್ದು ಮಾಡಿದರು.

ಅವರ ಕೆಮ್ಮು ವಾಸಿಯಾಗಿದೆ, ಉಣ್ಣೆಯ ಕಾಲುಚೀಲ ಮಾತ್ರ ಕಳಿಸಿ.

ಬ್ರೆಡ್ಡು ಮಗುಚಿಟ್ಟವಳು ನಾನೇ. ಓದಿದ ಕೂಡಲೇ ಈ ಕಾರ್ಡನ್ನು ಒಲೆಗೆ ಹಾಕಿ.

ನಿಮ್ಮ ಸೊಸೆ,
ಥರ್ಜಾ