ರಜೆ ಕೇಳದ ನರ್ಸಮ್ಮ

ನರ್ಸಿಂಗ್ ಕಾಲೇಜು, ಸ್ಟಾಫ್ ರೂಮ್
ಮಾರ್ಚ್ ೧೨, ಬುಧವಾರ

ಅಕ್ಕರೆಯ ಅಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯುವುದನ್ನು ನೀನು ಬಿಟ್ಟಿಲ್ಲವಂತೆ, ತಮ್ಮ ಚಾಡಿ ಹೇಳಿದ. ಊರಿನ ರೋಗಿಗಳನ್ನೆಲ್ಲ ಗದರಿ ಮಲಗಿಸಿದವಳು ನಿನ್ನನ್ನು ನೀನೇ ಒಂದಿಷ್ಟು ಗದರಿಕೊಳ್ಳಬಾರದೇ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಊಟ ಆಯ್ತಾ?" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ನಮ್ಮ ನರ್ಸಿಂಗ್ ಇತಿಹಾಸದ ಪಠ್ಯಪುಸ್ತಕವನ್ನು ಪರಿಷ್ಕರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಹಳೆಯ ಆವೃತ್ತಿಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದೇನೆ. ಮೊದಲನೆಯದರಲ್ಲಿ ಅರ್ಧ ಪುಸ್ತಕ ದೊಡ್ಡ ಡಾಕ್ಟರುಗಳದ್ದೇ. ನರ್ಸು ಬಂದಲ್ಲೆಲ್ಲ ದೇವತೆ, ತ್ಯಾಗಮಯಿ, ವಿಧೇಯಳು. ಆ ದೇವತೆಗೆ ಸಂಬಳ ಎಷ್ಟು, ಅವಳು ಎಲ್ಲಿ ಮಲಗುತ್ತಿದ್ದಳು ಎಂಬುದಕ್ಕೆ ಒಂದಕ್ಷರವಿಲ್ಲ. ಆಮೇಲಿನದರಲ್ಲಿ ದೇವತೆ ಹೋಗಿ ಇಸವಿಗಳು, ಸಮಿತಿಗಳು, ಕೋರ್ಸುಗಳು ಬಂದವು; ಎರಡು ಪುಟ ಓದಿದರೆ ಆಕಳಿಕೆ. ಈಗ ನಾವು ಪಾಳಿ, ಸಂಬಳ, ಹಾಸ್ಟೆಲು, ಗಂಡು ನರ್ಸುಗಳು ಎಲ್ಲವನ್ನೂ ಸೇರಿಸುತ್ತಿದ್ದೇವೆ. ಇಷ್ಟೆಲ್ಲ ಬದಲಾದರೂ ಒಂದು ಸಾಲು ಮಾತ್ರ ಅಲುಗಿಲ್ಲ. ಊರಿಗೆಲ್ಲ ಜ್ವರ ಹಬ್ಬಿದಾಗ, ತನ್ನ ಮಗುವೇ ಮನೆಯಲ್ಲಿ ನರಳುತ್ತಿದ್ದರೂ ವಾರ್ಡು ಬಿಡದ ನರ್ಸಮ್ಮ ಒಬ್ಬಳು "ರಜೆಯನ್ನೂ ಕೇಳಲಿಲ್ಲ" ಎಂಬ ಸಾಲು. ಹೆಸರು ಹಾಕಿಲ್ಲ. ಆದರೆ ಆ ನರ್ಸಮ್ಮ ನೀನು, ಆ ಮಗು ನಾನು ಎಂದು ನಮ್ಮ ಮನೆಗೆಲ್ಲ ಗೊತ್ತು. ಬಂದವರಿಗೆಲ್ಲ ಅಪ್ಪ ಅದನ್ನು ಓದಿ ಹೇಳುತ್ತಿದ್ದರು. ನೀನು ಮಾತ್ರ ಎದ್ದು ಒಳಗೆ ಹೋಗುತ್ತಿದ್ದೆ. ನನಗೆ ಹೆಮ್ಮೆಯೂ ಇತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಸಿಟ್ಟೂ ಇತ್ತು.

ನಿನ್ನೆ ಆ ಪಾಠದ ಕರಡನ್ನು ಎರಡನೇ ವರ್ಷದವರಿಗೆ ಓದಿ ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಮಗೂಗೆ ಅಷ್ಟು ಜ್ವರ ಇದ್ರೂ ರಜ ಕೇಳ್ಲಿಲ್ವಾ? ಎಂಥಾ ತಾಯಿ ಅವ್ಳು?" ಅಂದಳು. ಇಡೀ ಕ್ಲಾಸು ಹೌದೌದೆಂದಿತು. "ಆ ಮಗು ನಾನೇ ಕಣ್ರೇ, ನೋಡಿ, ಗುಂಡುಕಲ್ಲಿನ ಹಾಗಿದ್ದೇನೆ" ಎಂದು ನಗಿಸಿ ಬಾಯಿ ಮುಚ್ಚಿಸಬಹುದಿತ್ತು. ನಾನು ಡಸ್ಟರ್ ಕೊಡವಿ ಮುಂದಿನ ಪ್ಯಾರಾಗೆ ಹೋದೆ. ಆ ಹುಡುಗಿಯ ಮೇಲೆ ಕೋಪ ಬರುತ್ತಿಲ್ಲಮ್ಮಾ. ಚಿಕ್ಕಂದಿನಿಂದ ನಾನು ಮನಸ್ಸಿನಲ್ಲೇ ಕೇಳುತ್ತಿದ್ದುದನ್ನು ಅವಳು ಗಟ್ಟಿಯಾಗಿ ಕೇಳಿದಳು, ಅಷ್ಟೇ.

ಮಾತ್ರೆ ತಪ್ಪಿಸಬೇಡ. ತಮ್ಮನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ನಿನ್ನ ಪಾದಕ್ಕೊಂದು ನಮಸ್ಕಾರ, ಆ ಹಟಮಾರಿ ಮಂಡಿಗೆ ಇನ್ನೊಂದು.

ನಿನ್ನ
ಬಾಯಿಬಡುಕಿ

ಅಮ್ಮಾ, ಅಂಚೆಗೆ ಹೋಗುವ ಅಟೆಂಡರ್ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಇದೊಂದು ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಆ ಸಾಲನ್ನು ಹೊಡೆದುಹಾಕಿ, "ರಜೆ ಕೇಳಿದರು, ಕೊಡಲಿಲ್ಲ" ಎಂದು ಬರೆದು ಪ್ರೆಸ್ಸಿಗೆ ಕಳಿಸಿಬಿಟ್ಟೆ. ಯಾವ ಆಧಾರವೂ ಇಲ್ಲದೆ ಬರೆದೆ. ಇಷ್ಟು ವರ್ಷ ಪುಸ್ತಕ ಬರೆದವರಾಗಲಿ, ಅಪ್ಪನಾಗಲಿ, ನಾನಾಗಲಿ ನಿನ್ನನ್ನು ಒಂದು ಮಾತು ಕೇಳಿಯೇ ಇಲ್ಲವಲ್ಲ. ತಿಂಗಳ ಕೊನೆಗೆ ಅಚ್ಚು ಶುರುವಾಗುತ್ತದೆ. ನಾನು ಬರೆದದ್ದು ಸುಳ್ಳಾಗಿದ್ದರೆ ಅಷ್ಟರೊಳಗೆ ಫೋನ್ ಮಾಡು, ತೆಗೆಸುತ್ತೇನೆ. ನಿಜವಾಗಿದ್ದರೂ ಮಾಡಮ್ಮಾ.